ಕುಂಬಳಕಾಯಿ ಬೀಜ ಹುರಿಯುವಾಗ ಬೆಲ್ಲ ಕರಕಾಗುತ್ತದೆ, ಬೀಜ ಮೆತ್ತಗೇ ಉಳಿಯುತ್ತದೆ

ಪ್ರಶ್ನೆ: ವಿದ್ಯಾಗಿರಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಗಾರಿಗೆ ಮಾಡಲೆಂದು ಇಡೀ ಕುಂಬಳಕಾಯಿ ತಂದಿದ್ದೆವು. ಹೆರೆದ ಕಾಯೆಲ್ಲ ಗಾರಿಗೆಗೆ ಹೋಗಿ, ಬೀಜ ಒಂದು ಬಟ್ಟಲಿನಷ್ಟು ಉಳಿಯಿತು. ಎಸೆಯಲು ಮನಸ್ಸು ಬಾರದೆ ತೊಳೆದು, ಎಣ್ಣೆ, ಉಪ್ಪು, ಖಾರದ ಪುಡಿ, ಬೆಲ್ಲದ ಪುಡಿ ಎಲ್ಲವನ್ನೂ ಒಟ್ಟಿಗೇ ಕಲಸಿ ಕಡಾಯಿಯಲ್ಲಿ ಹುರಿದೆ. ಐದೇ ನಿಮಿಷಕ್ಕೆ ಬೆಲ್ಲ ಕರಕಾಗಿ ತಳ ಹಿಡಿಯಿತು, ಘಾಟಿಗೆ ಮನೆಯವರೆಲ್ಲ ಕೆಮ್ಮಿದರು, ಬೀಜವಂತೂ ನಾರಿನಂತೆ ಹಲ್ಲಿಗೆ ಸಿಕ್ಕಿಕೊಂಡಿತು. ಅಂಗಡಿಯ ಹಸಿರು ಬೀಜವನ್ನೇ ತರಬೇಕೇ, ಇಲ್ಲವೇ ನನ್ನ ಕ್ರಮದಲ್ಲಿಯೇ ತಪ್ಪಿದೆಯೇ?

ಉತ್ತರ: ಕೇಶ್ವಾಪುರ, ಹುಬ್ಬಳ್ಳಿ

ಬೀಜದಲ್ಲಿ ತಪ್ಪಿಲ್ಲ, ಅಕ್ಕಾ. ಅಂಗಡಿಯ ಹಸಿರು ಬೀಜವೆಂದರೆ ಬಿಳಿ ಸಿಪ್ಪೆ ಸುಲಿದದ್ದು, ಇಲ್ಲವೇ ಗಟ್ಟಿ ಸಿಪ್ಪೆಯೇ ಇಲ್ಲದ ತಳಿಯದ್ದು. ನಮ್ಮ ಕಾಯಿಯ ಬೀಜವನ್ನು ಸಿಪ್ಪೆಯೊಡನೆ ತಿನ್ನಬೇಕಾದರೆ ಮೊದಲು ಅದನ್ನು ಬೇಯಿಸಿಕೊಳ್ಳಬೇಕು. ಅಂಟಿದ ನಾರನ್ನು ನೀರಿನಲ್ಲಿ ಉಜ್ಜಿ ತೆಗೆದು, 2 ಬಟ್ಟಲು ನೀರಿಗೆ 1 ಚಮಚ ಉಪ್ಪು ಹಾಕಿ 10 ನಿಮಿಷ ಕುದಿಸಿದರೆ ಸಿಪ್ಪೆಯೂ ಮೆದುವಾಗುತ್ತದೆ, ಉಪ್ಪೂ ಒಳಗಿಳಿಯುತ್ತದೆ. ಬಸಿದ ಬೀಜವನ್ನು ಬಟ್ಟೆಯ ಮೇಲೆ ಹರಡಿ ಒಂದು ದಿನ ಚೆನ್ನಾಗಿ ಆರಿಸಿರಿ. ನಿಮ್ಮ ಬೀಜ ಮೆತ್ತಗಾದದ್ದು ಈ ಹಸಿಯಿಂದಲೇ, ಏಕೆಂದರೆ ಒಳಗಿನ ನೀರು ಹೋಗುವ ಮೊದಲೇ ಹೊರಗಿನ ಬೆಲ್ಲ ಸುಟ್ಟುಹೋಯಿತು. ಬಳಿಕ 1 ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ, ಚಟಪಟ ಸದ್ದು ನಿಂತು ಹೊಂಬಣ್ಣ ಬರುವವರೆಗೆ ಕೈಯಾಡಿಸುತ್ತಿರಬೇಕು. ಸುಮಾರು 15 ನಿಮಿಷ ಬೇಕಾಗುತ್ತದೆ, ಅವಸರ ಸಲ್ಲದು.

ಸಿಹಿ ಕೊನೆಗೆ ಬರಬೇಕು. ಒಂದು ಬಟ್ಟಲು ಬೀಜಕ್ಕೆ 2 ದೊಡ್ಡ ಚಮಚ ಸಕ್ಕರೆ, 1 ದೊಡ್ಡ ಚಮಚ ನೀರು ಸಾಕು. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಅದು ಗಟ್ಟಿಯಾಗಿ, ಮುರಿದರೆ ಟಕ್ಕೆಂದರೆ ಒಲೆ ಆರಿಸಿ, ಅರ್ಧ ಚಮಚ ಖಾರದ ಪುಡಿ, ಆಮೇಲೆ ಬೀಜ ಹಾಕಿ ಬೇಗ ಬೇಗ ತಿರುವಿ, ಎಣ್ಣೆ ಸವರಿದ ತಟ್ಟೆಗೆ ಹರಡಿ ಎರಡು ಚಮಚಗಳಿಂದ ಬಿಡಿಬಿಡಿಯಾಗಿಸಿರಿ.

ಉತ್ತರ: ಬ್ಯಾಡಗಿ

ಖಾರದ ಪುಡಿಯನ್ನು ಉರಿಯ ಮೇಲೆ ಹಾಕಲೇಬಾರದೆಂಬ ಮಾತು ನಿಜ, ಸುಟ್ಟರೆ ಕಹಿ. ಸಿಹಿಯ ಜೊತೆಗೆ ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯ ಪುಡಿ ಹೊಂದುತ್ತದೆ: ಬಣ್ಣ ಹೆಚ್ಚು, ಖಾರ ಕಡಿಮೆ. ಖಾರವೇ ಬೇಕೆನ್ನುವವರು ಗುಂಟೂರಿನದನ್ನು ಚಿಟಿಕೆ ಬೆರೆಸಬಹುದು. ಆದರೆ ಸಕ್ಕರೆ ನನಗೆ ಒಪ್ಪಿಗೆಯಿಲ್ಲ. ಬೆಲ್ಲದ ರುಚಿ ಅದಕ್ಕೆಲ್ಲಿ ಬರಬೇಕು?

ಉತ್ತರ: ಕೇಶ್ವಾಪುರ, ಹುಬ್ಬಳ್ಳಿ

ರುಚಿಯ ಮಾತು ಒಪ್ಪುತ್ತೇನೆ, ಅಣ್ಣಾ. ಆದರೆ ಬೆಲ್ಲ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮರುದಿನವೇ ಬೀಜವೆಲ್ಲ ಮುದ್ದೆಯಾಗುತ್ತದೆ. ಅಂದೇ ತಿಂದು ಮುಗಿಸುವುದಾದರೆ ಬೆಲ್ಲ, ಡಬ್ಬಿಯಲ್ಲಿಡುವುದಾದರೆ ಸಕ್ಕರೆ.

ಪ್ರಶ್ನೆ ಕೇಳಿದವರು: ವಿದ್ಯಾಗಿರಿ, ಧಾರವಾಡ

ಈ ಸಲ ಅರ್ಧ ಬೆಲ್ಲ, ಅರ್ಧ ಸಕ್ಕರೆ ಹಾಕಿದೆ. ಇಬ್ಬರ ಮಾತನ್ನೂ ಉಳಿಸಿದಂತಾಯಿತು. ಗರಿಗರಿಯಾಗಿಯೇ ಬಂದಿತ್ತು. ಆದರೆ ಇರುವೆ ಬರಬಾರದೆಂದು ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿದೆ, ಸಂಜೆಗೆ ತುಸು ಮೆತ್ತಗಾಗಿದೆ.

ಉತ್ತರ: ಬ್ಯಾಡಗಿ

ಮುಚ್ಚಳದೊಳಗೆ ಆವಿ ನಿಂತಿರಬೇಕು, ತಂಗಿ. ಮತ್ತೆ ಹುರಿಯಲು ಹೋಗಬೇಡಿರಿ, ಪಾಕ ಕರಗುತ್ತದೆ. ಮುಂದಿನ ಸಲ ಪೂರ್ತಿ ತಣಿಯುವವರೆಗೆ ತಟ್ಟೆಯನ್ನು ನೀರು ತುಂಬಿದ ಪರಾತದ ನಡುವೆ, ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲೆ ಇಟ್ಟರೆ ಇರುವೆಯೂ ಹತ್ತುವುದಿಲ್ಲ.