ಅಭಿವೃದ್ಧಿಶೀಲ ದೇಶಗಳಲ್ಲಿ ಹೇಸರಗತ್ತೆಗಳ ಸಂಖ್ಯೆ: ಈ ಏರಿಳಿತವನ್ನು ಹೇಗೆ ಅರ್ಥೈಸಬೇಕು?

ಪ್ರಶ್ನೆ: ಭೂಗೋಳ_ವಿದ್ಯಾರ್ಥಿ

ಹೊರೆ ಹೊರುವ ಪ್ರಾಣಿಗಳ ಕುರಿತ ಸ್ನಾತಕೋತ್ತರ ಪ್ರಬಂಧಕ್ಕಾಗಿ ಅಂಕಿಅಂಶಗಳನ್ನು ಕಲೆಹಾಕುತ್ತಿದ್ದೇನೆ. ಯಂತ್ರಗಳು ಬಂದಂತೆಲ್ಲ ಪ್ರಾಣಿಗಳು ಕಡಿಮೆಯಾಗುತ್ತವೆ ಎಂಬ ನಿರೀಕ್ಷೆಯೊಂದಿಗೆ ಆರಂಭಿಸಿದೆ. ಆದರೆ ನಮ್ಮ ದೇಶದ ಜಾನುವಾರು ಗಣತಿಯೇ ಅದಕ್ಕೆ ಒಪ್ಪುತ್ತಿಲ್ಲ. 1951ರಲ್ಲಿ ಭಾರತದಲ್ಲಿ ಸುಮಾರು 60 ಸಾವಿರ ಹೇಸರಗತ್ತೆಗಳಿದ್ದವು. ಲಾರಿ, ಟ್ರ್ಯಾಕ್ಟರುಗಳು ಹೆಚ್ಚುತ್ತಲೇ ಹೋದ ದಶಕಗಳಲ್ಲಿ ಅವೂ ಹೆಚ್ಚಿ 1997ರ ಹೊತ್ತಿಗೆ 2.2 ಲಕ್ಷ ಮುಟ್ಟಿದವು. 2007ರಲ್ಲಿ 1.37 ಲಕ್ಷ, 2012ರಲ್ಲಿ 1.96 ಲಕ್ಷ, 2019ರಲ್ಲಿ ಕೇವಲ 84 ಸಾವಿರ. ಚೀನಾದಲ್ಲಿ 1990ರ ಸುಮಾರಿಗೆ 50 ಲಕ್ಷಕ್ಕೂ ಮಿಕ್ಕಿದ್ದ ಸಂಖ್ಯೆ ಈಗ 10 ಲಕ್ಷಕ್ಕಿಂತ ಕೆಳಗಿಳಿದಿದ್ದರೆ, ಮೆಕ್ಸಿಕೊದಲ್ಲಿ ವರ್ಷಗಟ್ಟಲೆ 32-33 ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಇವೆಲ್ಲವನ್ನೂ ಒಂದೇ ಕಾರಣದಿಂದ ವಿವರಿಸಲು ಸಾಧ್ಯವೇ? ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ನಿವೃತ್ತ_ಪಶುವೈದ್ಯ

ಮೊದಲು ಈ ಪ್ರಾಣಿಯ ಹುಟ್ಟನ್ನು ಗಮನಿಸಿ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಹೇಸರಗತ್ತೆಗೆ ಕುದುರೆಯ 64, ಕತ್ತೆಯ 62 ವರ್ಣತಂತುಗಳ ನಡುವಿನ 63 ದಕ್ಕುವುದರಿಂದ ಅದು ಸಾಮಾನ್ಯವಾಗಿ ಸಂತಾನಹೀನ. ದನ, ಕುರಿಗಳಂತೆ ಇದರ ಹಿಂಡು ತಾನಾಗಿ ಬೆಳೆಯುವುದಿಲ್ಲ. ಲೆಕ್ಕಕ್ಕೆ ಸಿಗುವ ಪ್ರತಿಯೊಂದು ಹೇಸರಗತ್ತೆಯ ಹಿಂದೆಯೂ, ತನ್ನ ಕುದುರೆಯ ಹನ್ನೊಂದು-ಹನ್ನೆರಡು ತಿಂಗಳ ಗರ್ಭವನ್ನು ಮತ್ತೊಂದು ಕುದುರೆಮರಿಗೆ ಬದಲಾಗಿ ಇದಕ್ಕೆ ಮೀಸಲಿಟ್ಟ ಒಬ್ಬ ಸಾಕಣೆದಾರನ ನಿರ್ಧಾರವಿರುತ್ತದೆ. ಮಾರಾಟದ ಭರವಸೆಯಿಲ್ಲದೆ ಯಾರೂ ಅಂಥ ನಿರ್ಧಾರ ಮಾಡುವುದಿಲ್ಲ. ಸಾಲದ್ದಕ್ಕೆ ಎಲ್ಲ ಗಂಡು ಕತ್ತೆಗಳೂ ಕುದುರೆಯನ್ನು ಕೂಡಲು ಒಪ್ಪುವುದಿಲ್ಲ. ಅದಕ್ಕೆಂದೇ ಮರಿಯಿಂದ ಕುದುರೆಗಳ ಜೊತೆ ಬೆಳೆಸಿದ ಎತ್ತರದ ಗಂಡು ಕತ್ತೆ ಬೇಕು.

ಇದರಿಂದ ಎರಡು ಪರಿಣಾಮಗಳು. ಚೆನ್ನಾಗಿ ನೋಡಿಕೊಂಡ ಹೇಸರಗತ್ತೆ 25-30 ವರ್ಷ ಬದುಕುವುದರಿಂದ, ತಳಿ ಹುಟ್ಟಿಸುವವರು ಕೈಬಿಟ್ಟ ಮೇಲೂ ಗಣತಿಯಲ್ಲಿ ಸಂಖ್ಯೆ ಬಹುಕಾಲ ನಿಂತಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಇಳಿಯುತ್ತದೆ. ಎರಡನೆಯದಾಗಿ, ಕತ್ತೆ ಮತ್ತು ಕುದುರೆ ಕಡಿಮೆಯಾದರೆ ಇದರ ಬುಡವೇ ಅಲುಗುತ್ತದೆ. 2012 ಮತ್ತು 2019ರ ಗಣತಿಗಳ ನಡುವೆ ಭಾರತದ ಕತ್ತೆಗಳು ಶೇ. 61ರಷ್ಟು, ಕುದುರೆ ಮತ್ತು ಮಟ್ಟಗುದುರೆಗಳು ಶೇ. 45ರಷ್ಟು, ಹೇಸರಗತ್ತೆಗಳು ಶೇ. 57ರಷ್ಟು ಕಡಿಮೆಯಾದವು. ಹೇಸರಗತ್ತೆಯ ಅಂಕಿಯನ್ನು ಒಂಟಿಯಾಗಿ ನೋಡಿದರೆ ದಾರಿ ತಪ್ಪುತ್ತೀರಿ.

ಉತ್ತರ 2: ಗಣತಿ_ಗಣಕ

ಮೆಕ್ಸಿಕೊದ ಆ ಸಮತಟ್ಟಾದ ಗೆರೆಯನ್ನು ಪ್ರಾಣಿಗಳ ಸ್ಥಿರತೆ ಎಂದು ಭಾವಿಸಬಾರದು ಎಂಬುದು ನನ್ನ ಅಭಿಪ್ರಾಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ದತ್ತಾಂಶದಲ್ಲಿ ಪ್ರತಿ ಅಂಕಿಯ ಪಕ್ಕ, ಅದು ಆ ದೇಶ ಅಧಿಕೃತವಾಗಿ ನೀಡಿದ್ದೋ ಅಥವಾ ಸಂಸ್ಥೆಯೇ ಅಂದಾಜಿಸಿ ತುಂಬಿದ್ದೋ ಎಂಬುದನ್ನು ಸೂಚಿಸುವ ಗುರುತೊಂದು ಇರುತ್ತದೆ. ನಕ್ಷೆ ಬರೆಯುವ ಉತ್ಸಾಹದಲ್ಲಿ ಆ ಅಂಕಣವನ್ನೇ ಅಳಿಸಿಬಿಡುವವರು ಬಹಳ. ಮೆಕ್ಸಿಕೊದಂಥ ದೊಡ್ಡ ಪಾಲುದಾರನ ಸಂಖ್ಯೆ ಅಂದಾಜಾಗಿದ್ದರೆ ಜಾಗತಿಕ ಮೊತ್ತದ ಗಣನೀಯ ಭಾಗವೂ ಅಂದಾಜೇ. ಬ್ರೆಜಿಲ್ ತನ್ನ ವಾರ್ಷಿಕ ಜಾನುವಾರು ಸಮೀಕ್ಷೆಯಿಂದ ಕತ್ತೆ, ಹೇಸರಗತ್ತೆಗಳನ್ನು 2013ರಿಂದ ಕೈಬಿಟ್ಟಿರುವುದರಿಂದ, ಅಲ್ಲಿ ವರ್ಷವಾರು ಅಂಕಿಗಳ ಮೇಲೆ ಹೆಚ್ಚು ಭಾರ ಹಾಕಬೇಡಿ.

ಚೀನಾದ ಕಥೆಗೆ ಹೆಚ್ಚು ಆಧಾರವಿದೆ. 1978ರಲ್ಲಿ ಅಲ್ಲಿ 39 ಲಕ್ಷದಷ್ಟಿದ್ದ ಹೇಸರಗತ್ತೆಗಳು 1990ರ ವೇಳೆಗೆ ಸುಮಾರು 55 ಲಕ್ಷವಾದವು. ಸಾಮೂಹಿಕ ಬೇಸಾಯ ಮುಗಿದು ಜಮೀನು ಮನೆಮನೆಗೆ ಹಂಚಿಹೋದಾಗ, ತುಂಡು ಹೊಲದ ರೈತನಿಗೆ ಎಟುಕಿದ್ದು ಟ್ರ್ಯಾಕ್ಟರಲ್ಲ, ಗಾಡಿ ಎಳೆಯುವ ಪ್ರಾಣಿ. ಸಣ್ಣ ಟ್ರ್ಯಾಕ್ಟರು ಅಗ್ಗವಾಗಿ, ಹಳ್ಳಿಯ ಯುವಕರು ಕಾರ್ಖಾನೆಗಳತ್ತ ನಡೆದ ಮೇಲೆಯೇ ಇಳಿಕೆ ಶುರುವಾಯಿತು. ಚರ್ಮದಿಂದ ಔಷಧಿ ತಯಾರಿಸುವ ಉದ್ಯಮ ಅಲ್ಲಿನ ಕತ್ತೆಗಳನ್ನು ಬರಿದು ಮಾಡಿ, ಆಫ್ರಿಕಾದ ಕತ್ತೆಗಳಿಗೂ ಕೈಹಾಕಿದ್ದು ಆನಂತರದ ಬೆಳವಣಿಗೆ.

ಉತ್ತರ 3: ಚಾರಣಿಗ_ಶಿರಸಿ

ಭಾರತದಲ್ಲಿ 1997ರವರೆಗೆ ಕಂಡ ಏರಿಕೆಗೆ ಕಾರಣ ರಸ್ತೆಯ ಕೊರತೆಯಲ್ಲ, ರಸ್ತೆಯ ಆಗಮನವೇ ಎಂದು ನನಗನಿಸುತ್ತದೆ. ನೇಪಾಳದ ಅನ್ನಪೂರ್ಣ ಸೀಮೆಯ ಕಾಲುದಾರಿಗಳಲ್ಲಿ ಕೊರಳಗಂಟೆಯ ಸದ್ದು ಕೇಳಿದ ಕೂಡಲೇ ನಾವು ಬೆಟ್ಟದ ಒಳಮಗ್ಗುಲಿಗೆ ಸರಿದು ನಿಲ್ಲುತ್ತಿದ್ದೆವು, ಏಕೆಂದರೆ ಹೊರಮಗ್ಗುಲಲ್ಲಿ ನಿಂತವರನ್ನು ಹೇರು ತಳ್ಳಿಬಿಡುತ್ತದೆ. ಆ ಹೇರಿನಲ್ಲಿ ಇದ್ದದ್ದು ಧಾನ್ಯ ಮಾತ್ರವಲ್ಲ. ಎರಡೂ ಪಕ್ಕೆಗೆ ಕಟ್ಟಿದ ಗ್ಯಾಸ್ ಸಿಲಿಂಡರ್, ಸಿಮೆಂಟ್ ಚೀಲ, ನೂಡಲ್ಸ್ ಪೆಟ್ಟಿಗೆಗಳು. ಲಾರಿ ಸಾಮಾನು ಇಳಿಸಿ ಹಿಂದಿರುಗುವ ಜಾಗದಿಂದ ಇವುಗಳ ಕೆಲಸ ಆರಂಭವಾಗುತ್ತದೆ. ರಸ್ತೆ ಇನ್ನಷ್ಟು ಮುಂದೆ ಹೋದರೆ ಹೇಸರಗತ್ತೆಗಳ ಸಾಲೂ ಅದರ ತುದಿಗೆ ಸರಿಯುತ್ತದೆ. ಎಲ್ಲ ಹಳ್ಳಿಗಳಿಗೂ ರಸ್ತೆ ಮುಟ್ಟಿದಾಗ ಸರಿಯಲು ಜಾಗ ಉಳಿಯುವುದಿಲ್ಲ. ಗೌರಿಕುಂಡದಿಂದ ಕೇದಾರನಾಥದವರೆಗಿನ ಸುಮಾರು 16 ಕಿ.ಮೀ. ಏರಿನಲ್ಲಿ ಯಾತ್ರಿಕರನ್ನು ಹೊರುವ ಸಾವಿರಾರು ಪ್ರಾಣಿಗಳಿಗೂ ಉತ್ತಮ ರಸ್ತೆಯೇ ಗಿರಾಕಿಗಳನ್ನು ತಂದುಕೊಟ್ಟದ್ದು. ಸೋನ್‌ಪ್ರಯಾಗದಿಂದ ಅಲ್ಲಿಗೆ 12.9 ಕಿ.ಮೀ. ಉದ್ದದ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದೆ.

ಮರುಪ್ರಶ್ನೆ: ಭೂಗೋಳ_ವಿದ್ಯಾರ್ಥಿ

ಮೂವರಿಗೂ ಧನ್ಯವಾದಗಳು. ಇಥಿಯೋಪಿಯದಲ್ಲಿ ಕತ್ತೆಗಳು ಹೆಚ್ಚುತ್ತಾ ಜಗತ್ತಿನಲ್ಲೇ ಅತಿ ದೊಡ್ಡ ಸಂಖ್ಯೆಯಾಗಿದ್ದರೂ ಹೇಸರಗತ್ತೆಗಳು ಕೆಲವೇ ಲಕ್ಷಗಳಲ್ಲಿ ಉಳಿದಿರುವುದೇಕೆ? ನಮ್ಮ 2012ರ ಜಿಗಿತವನ್ನು ನಂಬಬಹುದೇ?

ಉತ್ತರ 4: ನಿವೃತ್ತ_ಪಶುವೈದ್ಯ

ಇಥಿಯೋಪಿಯದ ಎತ್ತರದ ಸೀಮೆಯಲ್ಲಿ ಹೇಸರಗತ್ತೆ ಹಿರಿಯರು, ಪಾದ್ರಿಗಳು ಸವಾರಿಗೆ ಇಟ್ಟುಕೊಳ್ಳುತ್ತಿದ್ದ ಗೌರವದ ಪ್ರಾಣಿ, ಬೆಲೆಯೂ ಕತ್ತೆಗಿಂತ ಎಷ್ಟೋ ಪಟ್ಟು ಹೆಚ್ಚು. ನೀರು, ಸೌದೆ, ಸಂತೆಯ ಧಾನ್ಯ ಸಾಗಿಸುವ ಬಡ ಮನೆಗೆ ಕತ್ತೆ ಸಾಕು. ಹಾಗಾಗಿ ಜನಸಂಖ್ಯೆಯೊಂದಿಗೆ ಬೆಳೆದದ್ದು ಕತ್ತೆಯ ಸಂಖ್ಯೆ.

ಐದು ವರ್ಷಗಳಲ್ಲಿ ಶೇ. 43ರ ಏರಿಕೆ ಕೇವಲ ಹೊಸ ಮರಿಗಳಿಂದ ಆಗಿರುವುದು ನನಗೆ ಸಂದೇಹಾಸ್ಪದ. ಉತ್ತರ ಪ್ರದೇಶದ ಇಟ್ಟಿಗೆ ಭಟ್ಟಿಗಳಲ್ಲಿ ಹಸಿ ಇಟ್ಟಿಗೆ ಹೊರುವ ಪ್ರಾಣಿಗಳು ಮಾಲೀಕರೊಂದಿಗೆ ಋತುಮಾನಕ್ಕೆ ತಕ್ಕಂತೆ ಊರೂರು ಅಲೆಯುತ್ತವೆ, ಯಾತ್ರೆಯ ಪ್ರಾಣಿಗಳೂ ಹಾಗೆಯೇ. ಮನೆಮನೆಗೆ ಹೋಗಿ ಎಣಿಸುವ ಗಣತಿಯಲ್ಲಿ ಇಂಥವು ಒಮ್ಮೆ ತಪ್ಪಿ, ಇನ್ನೊಮ್ಮೆ ಸಿಕ್ಕಿರಬಹುದು. ಆದ್ದರಿಂದ 2007 ಮತ್ತು 2012ನ್ನು ಬಿಡಿಬಿಡಿಯಾಗಿ ನೋಡದೆ 1997ರಿಂದ 2019ರವರೆಗಿನ ಒಟ್ಟು ಇಳಿಕೆಯನ್ನು ಮುಂದಿಡಿ. 21ನೇ ಗಣತಿ 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. ಅದರ ಜಿಲ್ಲಾವಾರು ಅಂಕಿ ಕೈಸೇರಿದಾಗ ಭಟ್ಟಿಗಳಿರುವ ಬಯಲು ಜಿಲ್ಲೆಗಳನ್ನೂ ರುದ್ರಪ್ರಯಾಗದಂಥ ಯಾತ್ರಾ ಜಿಲ್ಲೆಗಳನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಎರಡನ್ನೂ ಸೇರಿಸಬೇಡಿ.