ರಾತ್ರಿ ತುರಿಕೆ: ಕಜ್ಜಿಯೋ, ಹುಳುಕಡ್ಡಿಯೋ? ಟ್ಯೂಬ್ ಹಚ್ಚಿದರೂ ಮತ್ತೆ ಮತ್ತೆ ಬರ್ತಿದೆ

ಉಪಕೇಂದ್ರ_ಸಿಎಚ್‌ಒ

ನಾನು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ). ನಮ್ಮ ವ್ಯಾಪ್ತಿಯಲ್ಲಿ ಹೈಸ್ಕೂಲ್ ಮಕ್ಕಳ ಹಾಸ್ಟೆಲ್ ಇದೆ, ಸುಮಾರು 60 ಮಕ್ಕಳು. ಅರ್ಧಕ್ಕರ್ಧ ಮಕ್ಕಳಿಗೆ ರಾತ್ರಿ ವಿಪರೀತ ತುರಿಕೆ. ಊರೊಳಗಿನ ಕಥೆ ಬೇರೆ: ದೊಡ್ಡವರಿಗೆ ತೊಡೆಸಂದಿ, ಸೊಂಟ, ಕುಂಡೆಯ ಮೇಲೆ ಉಂಗುರದ ಹಾಗೆ ಕೆಂಪು ಗುರುತು. ಮೆಡಿಕಲ್ ಶಾಪಿನಿಂದ ತಂದ ಟ್ಯೂಬ್ ಹಚ್ಚಿದರೆ ಮೂರೇ ದಿನಕ್ಕೆ ಆರಾಮ, ಬಿಟ್ಟರೆ ವಾರದಲ್ಲಿ ಮೊದಲಿಗಿಂತ ಜಾಸ್ತಿ. ನಮ್ಮಲ್ಲಿ ಇರೋದು ಫಂಗಸ್‌ಗೆ ಹಚ್ಚುವ ಕ್ಲೋಟ್ರಿಮಜೋಲ್ 15 ಗ್ರಾಂ ಟ್ಯೂಬ್, ಕಜ್ಜಿಗೆ ಹಚ್ಚುವ ಪರ್ಮೆಥ್ರಿನ್ ಸ್ವಲ್ಪ, ತುರಿಕೆ ತಗ್ಗಿಸುವ ಸೆಟ್ರಿಜಿನ್ ಮಾತ್ರೆ. ಎರಡನ್ನೂ ನೋಡಿದ ಕೂಡಲೇ ಗುರುತಿಸೋದು ಹೇಗೆ, ಎಷ್ಟು ದಿನ ಹಚ್ಚಿಸಬೇಕು, ಯಾವಾಗ ಮೇಲೆ ಕಳಿಸಬೇಕು?

ಚರ್ಮದ_ಡಾಕ್ಟ್ರು

ಮೊದಲು ಎರಡು ಪ್ರಶ್ನೆ ಕೇಳಿ: ಮನೆಯಲ್ಲಿ, ರೂಮಿನಲ್ಲಿ ಮತ್ಯಾರಿಗೆ ತುರಿಕೆ ಇದೆ? ರಾತ್ರಿ ಮಲಗಿದ ಮೇಲೆ ಜಾಸ್ತಿಯಾಗುತ್ತಾ? ಎರಡಕ್ಕೂ ಹೌದು ಅಂದರೆ ಕಜ್ಜಿ ಅಂತಲೇ ಹಿಡಿದು ಕೈಬೆರಳ ಸಂದಿ ನೋಡಿ. ಆಮೇಲೆ ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಹುಡುಗರಲ್ಲಿ ಜನನಾಂಗದ ಮೇಲಿನ ಗಂಟುಗಳು. ಕಜ್ಜಿಯ ಸಣ್ಣ ಹುಳು ಚರ್ಮದಲ್ಲಿ ಕೊರೆದ ಬಿಲ ಕೆಲವು ಮಿಲಿಮೀಟರ್ ಉದ್ದದ ಬೂದು ಗೆರೆಯಾಗಿ ಕಾಣುತ್ತೆ. ಕಾಣದಿದ್ದರೆ ಅನುಮಾನ ಬಂದ ಜಾಗಕ್ಕೆ ಇಂಕು ಸವರಿ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ. ಮೇಲಿನ ಇಂಕು ಹೋಗುತ್ತೆ, ಬಿಲದೊಳಗೆ ಇಳಿದದ್ದು ಸಣ್ಣ ಅಂಕುಡೊಂಕು ಗೆರೆಯಾಗಿ ಉಳಿಯುತ್ತೆ.

ಹುಳುಕಡ್ಡಿ (ಕೆಲವು ಕಡೆ ಗಜಕರ್ಣ ಅಂತಾರೆ) ಹುಳುವಿನಿಂದ ಬರೋದಲ್ಲ, ಫಂಗಸ್‌ನಿಂದ. ಅಂಚು ಕೆಂಪಾಗಿ ಉಬ್ಬಿ ಹೊಟ್ಟು ಏಳುತ್ತೆ, ನಡುವೆ ಚರ್ಮ ತಿಳಿಯಾಗುತ್ತೆ, ಉಂಗುರ ಹೊರಕ್ಕೆ ಬೆಳೆಯುತ್ತೆ. ಬೆವರು ನಿಲ್ಲುವ ಕಡೆ ಹೆಚ್ಚು. ಹೆಂಗಸರಲ್ಲಿ ಲಂಗದ ಲಾಡಿ ಬಿಗಿಯುವ ಸೊಂಟ, ಸ್ತನದ ಕೆಳಭಾಗ. ಗಂಡಸರಲ್ಲಿ ತೊಡೆಸಂದಿ.

ಈಗ ಆ ಟ್ಯೂಬಿನ ವಿಷಯ. ಅದರಲ್ಲಿ ಫಂಗಸ್ ಔಷಧದ ಜೊತೆ ಆ್ಯಂಟಿಬಯಾಟಿಕ್ ಮತ್ತು ಬಲವಾದ ಸ್ಟೀರಾಯ್ಡ್ ಸೇರಿರುತ್ತೆ. ಸ್ಟೀರಾಯ್ಡ್ ಉರಿ, ಕೆಂಪು ಅಡಗಿಸುತ್ತೆ, ಅದಕ್ಕೇ ಮೂರು ದಿನದ ಆರಾಮ. ಆದರೆ ಫಂಗಸ್ ತಡೆಯಬೇಕಾದ ಚರ್ಮದ ರಕ್ಷಣೆಯನ್ನೂ ಅದು ಅಡಗಿಸುತ್ತೆ. ಉಂಗುರದೊಳಗೆ ಉಂಗುರ ಕಂಡರೆ, ಅಂಚೇ ಅಳಿಸಿ ಬರೀ ಕಂದು ಮಚ್ಚೆ ಉಳಿದರೆ, ತೊಡೆಸಂದಿಯಲ್ಲಿ ಗರ್ಭಿಣಿಯ ಹೊಟ್ಟೆ ಮೇಲಿನಂಥ ಸೀಳುಗೆರೆ ಬಿದ್ದಿದ್ದರೆ, ಸ್ಟೀರಾಯ್ಡ್ ಹಚ್ಚಿದ್ದಾರೆ ಅಂತಲೇ ಲೆಕ್ಕ. ಆ ಸೀಳುಗೆರೆ ಮತ್ತೆ ಹೋಗಲ್ಲ. ಟ್ಯೂಬ್ ತರಿಸಿ ಓದಿ: ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಟಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಿದ್ದರೂ ಅವತ್ತೇ ನಿಲ್ಲಿಸಿ. ನಿಲ್ಲಿಸಿದ ಮೊದಲ ಒಂದೆರಡು ವಾರ ಕೆಂಪು, ತುರಿಕೆ ಏರುತ್ತೆ. ಇದನ್ನು ಮುಂಚೆಯೇ ಹೇಳದಿದ್ದರೆ ನಾಲ್ಕನೇ ದಿನ ಮತ್ತೆ ಹಳೇ ಟ್ಯೂಬ್ ಕೈಗೆ ಬರುತ್ತೆ.

ಕ್ಲೋಟ್ರಿಮಜೋಲ್ ದಿನಕ್ಕೆ ಎರಡು ಸಲ, ಕಾಣುವ ಅಂಚಿನಿಂದ 2 ಸೆಂಟಿಮೀಟರ್ ಆಚೆಯಿಂದ ಒಳಗೆ ಹಚ್ಚಬೇಕು. ಗುರುತು ಪೂರ್ತಿ ಹೋದ ಮೇಲೂ 2 ವಾರ. ತುರಿಕೆ ನಿಂತದ್ದು ವಾಸಿಯಾದದ್ದಲ್ಲ. ಒಂದೆರಡು ಉಂಗುರ ಮಾತ್ರ ಇದ್ದರೆ ಇಷ್ಟು ಸಾಕು. ಮೈತುಂಬ ಹರಡಿದ್ದರೆ, ಸ್ಟೀರಾಯ್ಡ್ ಹಚ್ಚಿದ್ದರೆ, ತಲೆಕೂದಲಿಗೆ ಅಥವಾ ಉಗುರಿಗೆ ಬಂದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ ಬೇಕಾಗುತ್ತೆ. ಫೋಟೋ ತೆಗೆದು ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ) ತೋರಿಸಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕಳಿಸಿ. ನಮ್ಮ ದೇಶದಲ್ಲಿ ಈಗ ಹರಡಿರುವ ಫಂಗಸ್ ಬಹಳಷ್ಟು ಕಡೆ ಟರ್ಬಿನಾಫಿನ್ ಎಂಬ ಫಂಗಸ್ ಮಾತ್ರೆಗೆ ಬಗ್ಗಲ್ಲ. ಹಾಗಾಗಿ ಸಾಮಾನ್ಯವಾಗಿ ಇಟ್ರಾಕೊನಜೋಲ್, ದಿನಕ್ಕೆ 200 ಮಿಲಿಗ್ರಾಂ, ಕನಿಷ್ಠ 4 ವಾರ, ಎಷ್ಟೋ ಜನಕ್ಕೆ 8 ವಾರ. ವಾರಕ್ಕೊಂದು ಫ್ಲೂಕೊನಜೋಲ್ 150 ಮಿಲಿಗ್ರಾಂ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಇದೆಯಲ್ಲ, ಹರಡಿದ ಕೇಸಿನಲ್ಲಿ ಅದು ಸಾಲಲ್ಲ.

ಉಡುದಾರ ಕೇಳೋದು ಮರೆಯಬೇಡಿ. ಸದಾ ಒದ್ದೆಯಿರುವ ಆ ದಾರದಲ್ಲಿ ಫಂಗಸ್ ಕೂತಿರುತ್ತೆ. ವಾಸಿಯಾಗುವ ತನಕ ತೆಗೆಯೋಕೆ ಹೇಳಿ, ಒಪ್ಪದಿದ್ದರೆ ಹೊಸದು ಕಟ್ಟಿಸಿ. ಕೈಗೆ ಕಟ್ಟಿದ ದಾರಕ್ಕೂ ಇದೇ ಮಾತು.

ಪಿಎಚ್‌ಸಿ_ವೈದ್ಯೆ

ಹಾಸ್ಟೆಲ್ ಬಗ್ಗೆ ಹೇಳ್ತೀನಿ. ಅಲ್ಲಿ ಒಬ್ಬೊಬ್ಬರಿಗೇ ಔಷಧ ಕೊಟ್ಟರೆ ಮುಗಿಯೋದೇ ಇಲ್ಲ. ಮೊದಲ ಸಲ ಕಜ್ಜಿ ಹತ್ತಿದವರಿಗೆ ತುರಿಕೆ ಶುರುವಾಗೋಕೆ 4ರಿಂದ 6 ವಾರ ಬೇಕು, ಅಷ್ಟರಲ್ಲಿ ಅವರು ಬೇರೆಯವರಿಗೆ ಹಂಚಿಯಾಗಿರುತ್ತೆ. ಆದ್ದರಿಂದ ತುರಿಕೆ ಇರಲಿ ಬಿಡಲಿ 60 ಮಕ್ಕಳೂ, ವಾರ್ಡನ್ನೂ, ಅಲ್ಲೇ ಮಲಗುವ ಅಡುಗೆಯವರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಶನಿವಾರ ರಾತ್ರಿ ಇಟ್ಟುಕೊಂಡರೆ ಭಾನುವಾರ ಬಟ್ಟೆ ಒಗೆಯೋಕೆ ಹಗಲು ಸಿಗುತ್ತೆ.

ಹಚ್ಚುವ ಕ್ರಮ: ಉಗುರು ಕತ್ತರಿಸಿ. ಸ್ನಾನ ಮಾಡಿದ್ದರೆ ಮೈ ಪೂರ್ತಿ ಒಣಗಿ ತಣ್ಣಗಾಗಲಿ, ಬಿಸಿನೀರು ಹಾಕಿಕೊಂಡ ಕೂಡಲೇ ಬೇಡ. ಪರ್ಮೆಥ್ರಿನ್ 5% ಕ್ರೀಮು ಕುತ್ತಿಗೆಯಿಂದ ಅಂಗಾಲಿನವರೆಗೆ, ಗಾಯ ಇರುವ ಕಡೆ ಮಾತ್ರ ಅಲ್ಲ. ಬೆರಳ ಸಂದಿ, ಉಗುರಿನ ಅಡಿ, ಹೊಕ್ಕುಳು, ಕುಂಡೆಯ ಸೀಳು, ಜನನಾಂಗ ಬಿಡಬಾರದು. ಬೆನ್ನು ಒಬ್ಬರಿಗೊಬ್ಬರು ಹಚ್ಚಲಿ. 8ರಿಂದ 14 ಗಂಟೆ ಬಿಟ್ಟು ಬೆಳಗ್ಗೆ ಸ್ನಾನ. 7 ದಿನದ ಮೇಲೆ ಇನ್ನೊಂದು ಸಲ, ಇದು ತಪ್ಪಬಾರದು. ಹೆಚ್ಚಾಗಿ ಕೆಡೋದು ಎಲ್ಲಿ ಅಂದರೆ ಕ್ರೀಮು ಹಚ್ಚಿ ಊಟಕ್ಕೆ ಹೋಗಿ ಕೈ ತೊಳೆದುಬಿಡ್ತಾರೆ. ಹುಳು ಜಾಸ್ತಿ ಇರೋದೇ ಕೈಯಲ್ಲಿ. ಊಟ ಮುಗಿದ ಮೇಲೆ ಹಚ್ಚಿಸಿ, ಮತ್ತೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು.

ಚರ್ಮದಿಂದ ಆಚೆ ಬಿದ್ದ ಹುಳು ಎರಡು ಮೂರು ದಿನಕ್ಕೆ ಸಾಯುತ್ತೆ. ಹಿಂದಿನ 3 ದಿನ ಬಳಸಿದ ಬಟ್ಟೆ, ಟವೆಲ್, ಹೊದಿಕೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಜಮಖಾನೆ, ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಒಂದು ವಾರ ಇಟ್ಟರೆ ಸಾಕು. ಗೋಡೆಗೆಲ್ಲ ಔಷಧ ಹೊಡೆಸುವುದು ದಂಡ.

ಕ್ರೀಮು ಸಾಲದಿದ್ದರೆ ಐವರ್ಮೆಕ್ಟಿನ್ ಮಾತ್ರೆ ಇದೆ, ತೂಕ ನೋಡಿ: 15–24 ಕೆಜಿಗೆ 3 ಮಿಲಿಗ್ರಾಂ, 25–35ಕ್ಕೆ 6, 36–50ಕ್ಕೆ 9, 51–65ಕ್ಕೆ 12. ಒಂದು ಸಲ, ಮತ್ತೆ 7ರಿಂದ 14 ದಿನದ ಮೇಲೆ ಇನ್ನೊಂದು ಸಲ. 15 ಕೆಜಿಗಿಂತ ಕಡಿಮೆ ಇರುವವರಿಗೆ, ಗರ್ಭಿಣಿಯರಿಗೆ ಬೇಡ. ಕೊಡುವ ಮುಂಚೆ ಪಿಎಚ್‌ಸಿ ವೈದ್ಯರ ಒಪ್ಪಿಗೆ ತಗೊಳ್ಳಿ.

ಕೀವು ತುಂಬಿದ್ದರೆ, ಜೇನುಬಣ್ಣದ ಹಕ್ಕಳೆ ಕಟ್ಟಿದ್ದರೆ ಆ ಮಕ್ಕಳನ್ನು ಅವತ್ತೇ ನಮ್ಮ ಕಡೆ ಕಳಿಸಿ, ಆ್ಯಂಟಿಬಯಾಟಿಕ್ ಬೇಕು. ಕೀವಾದ ಕೆಲವು ವಾರದ ಮೇಲೆ ಬೆಳಗ್ಗೆ ಮುಖ ಊದುವುದು, ಮೂತ್ರ ಕಪ್ಪು ಚಹಾದಂತಾಗುವುದು ಕಂಡರೆ ಕಿಡ್ನಿಗೆ ತಾಗಿದೆ ಎಂದರ್ಥ. ಬಿಪಿ ನೋಡಿ ತಡಮಾಡದೆ ಕಳಿಸಿ.

ಉಪಕೇಂದ್ರ_ಸಿಎಚ್‌ಒ

ತುಂಬಾ ಉಪಯೋಗ ಆಯ್ತು ಮೇಡಂ. ಎರಡು ಸಣ್ಣ ಅನುಮಾನ. ಹಚ್ಚಿದ ಮೇಲೂ ತುರಿಕೆ ಇದೆ ಅಂತ ಬಂದರೆ ಮತ್ತೆ ಕೊಡಬೇಕಾ? ಬಾಣಂತಿ, ಕೂಸಿಗೆ ಏನು ಮಾಡೋದು?

ಪಿಎಚ್‌ಸಿ_ವೈದ್ಯೆ

ಹುಳು ಸತ್ತರೂ ಚರ್ಮದಲ್ಲಿ ಉಳಿದ ಅದರ ಕಸಕ್ಕೆ 2ರಿಂದ 4 ವಾರ ತುರಿಕೆ ಇದ್ದೇ ಇರುತ್ತೆ. ದಿನಾ ಪರ್ಮೆಥ್ರಿನ್ ಹಚ್ಚಿದರೆ ಚರ್ಮ ಒಣಗಿ ಉರಿದು ಇನ್ನಷ್ಟು ತುರಿಸುತ್ತೆ. ರಾತ್ರಿ ಸೆಟ್ರಿಜಿನ್, ಮೈಗೆ ಕೊಬ್ಬರಿ ಎಣ್ಣೆ ಸಾಕು. ಹೊಸ ಬಿಲ, ಹೊಸ ಗುಳ್ಳೆ ಕಂಡರೆ ಅಥವಾ ನಾಲ್ಕು ವಾರ ದಾಟಿದರೆ ಮಾತ್ರ ಮತ್ತೆ ನೋಡಿ. ಬಹುಪಾಲು ಯಾರೋ ಒಬ್ಬರು ಹಚ್ಚಿಕೊಂಡಿರಲ್ಲ.

ಬಾಣಂತಿ, ಗರ್ಭಿಣಿ, 2 ತಿಂಗಳು ದಾಟಿದ ಕೂಸು ಎಲ್ಲರಿಗೂ ಪರ್ಮೆಥ್ರಿನ್ ನಡೆಯುತ್ತೆ. ಹಾಲುಣಿಸುವ ಮುಂಚೆ ಮೊಲೆತೊಟ್ಟಿನ ಮೇಲಿನದನ್ನು ತೊಳೆದು, ಆಮೇಲೆ ಮತ್ತೆ ಹಚ್ಚಬೇಕು. ಕೂಸುಗಳಿಗೆ ತಲೆ, ಮುಖ, ಅಂಗೈ, ಅಂಗಾಲಿಗೂ ಬರೋದರಿಂದ ಕಣ್ಣು ಬಾಯಿ ಬಿಟ್ಟು ಅಲ್ಲೆಲ್ಲ ಹಚ್ಚಿ, ಬೆರಳು ಚೀಪದಂತೆ ಕೈಗೆ ಬಟ್ಟೆಚೀಲ ಹಾಕಿ. 2 ತಿಂಗಳೊಳಗಿನದನ್ನು ಮಕ್ಕಳ ಡಾಕ್ಟರಿಗೆ ತೋರಿಸಿ.

ಫಾರ್ಮಸಿ_ಕೌಂಟರ್

ಸ್ಟಾಕ್ ಲೆಕ್ಕ ಯಾರೂ ಹೇಳಲಿಲ್ಲ. ಪರ್ಮೆಥ್ರಿನ್ ದೊಡ್ಡವರಿಗೆ, ಹೈಸ್ಕೂಲ್ ಮಕ್ಕಳಿಗೆ ಒಂದು ಸಲಕ್ಕೆ 30 ಗ್ರಾಂ. 60 ಮಕ್ಕಳಿಗೆ ಎರಡು ಸಲ ಅಂದರೆ 30 ಗ್ರಾಮಿನ 120 ಟ್ಯೂಬ್, ವಾರ್ಡನ್, ಅಡುಗೆಯವರದ್ದು ಬೇರೆ. ಅಷ್ಟು ಕೈಗೆ ಬಾರದೆ ಶುರು ಮಾಡಬೇಡಿ. ಒಂದು ಟ್ಯೂಬನ್ನು ಮೂವರಿಗೆ ಹಂಚಿದರೆ ಮೂವರಿಗೂ ವಾಸಿಯಾಗಲ್ಲ.

ಕ್ಲೋಟ್ರಿಮಜೋಲ್ ಅಳತೆ: ತೋರುಬೆರಳ ತುದಿಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿದ ಎರಡು ಅಂಗೈ ಅಗಲಕ್ಕೆ ಸಾಕು. ಸೊಂಟ, ಕುಂಡೆ, ತೊಡೆ ಸೇರಿ 12 ಅಂಗೈ ಅಗಲ ಇದ್ದರೆ ಒಂದು ಸಲಕ್ಕೆ 3 ಗ್ರಾಂ, ದಿನಕ್ಕೆ 6. ನೀವು ಕೊಡುವ 15 ಗ್ರಾಂ ಟ್ಯೂಬ್ ಎರಡೂವರೆ ದಿನಕ್ಕೆ ಖಾಲಿ. ಒಂದೇ ಟ್ಯೂಬ್ ಕೊಟ್ಟು ತಿಂಗಳು ಬಿಟ್ಟು ಬನ್ನಿ ಅಂದರೆ ಆ ಮನುಷ್ಯ ಎರಡೂವರೆ ದಿನ ಹಚ್ಚಿ ಸ್ಟೀರಾಯ್ಡ್ ಟ್ಯೂಬಿಗೇ ಮರಳೋದು. ಸ್ಟೀರಾಯ್ಡ್ ಮುಲಾಮುಗಳು ಶೆಡ್ಯೂಲ್ ಎಚ್‌ನಲ್ಲಿವೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೂ ಕೇಳಿದ ಕೂಡಲೇ ಸಿಗೋದು ಅದೇ.

ಇಟ್ರಾಕೊನಜೋಲ್ ಕ್ಯಾಪ್ಸೂಲ್ ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ನುಂಗಬೇಕು, ಮೈಗೆ ಹತ್ತೋಕೆ ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ ಮಾತ್ರೆ ಅಂತ ಬೆಳಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಅರ್ಧ ಔಷಧವೂ ಹತ್ತಲ್ಲ, ಮೊದಲು ಅದನ್ನು ಕೇಳಿ. ಹೃದಯ ದುರ್ಬಲ ಇರುವವರಿಗೆ, ಗರ್ಭಿಣಿಯರಿಗೆ ಕೊಡಬಾರದು. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ನುಂಗುವವರು ಇದ್ದರೆ ಡಾಕ್ಟರ ಗಮನಕ್ಕೆ ತನ್ನಿ.

ಲ್ಯಾಬ್_ಟೆಕ್ನಿಷಿಯನ್

ಪಿಎಚ್‌ಸಿಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಪರೀಕ್ಷೆ ಕೇಳಿ, ಕೆರೆದ ಹೊಟ್ಟಿನಲ್ಲಿ ಫಂಗಸ್ ಇದೆಯೇ ಎಂದು ನೋಡೋದು ಇದು. ಕೆರೆಯಬೇಕಾದದ್ದು ಉಂಗುರದ ನಡುವೆ ಅಲ್ಲ, ಹೊಟ್ಟು ಏಳುವ ಅಂಚನ್ನು. ಹಿಂದಿನ ಒಂದು ವಾರ ಮುಲಾಮು ಹಚ್ಚಿರದಿದ್ದರೆ ಒಳ್ಳೆಯದು. ಹೊಟ್ಟಿನ ಮೇಲೆ 10% ಕೆಒಎಚ್ ಒಂದು ಹನಿ, ಕವರ್‌ಸ್ಲಿಪ್, 10ರಿಂದ 20 ನಿಮಿಷ ಬಿಡಿ. ಸೂಕ್ಷ್ಮದರ್ಶಕದ ಕಂಡೆನ್ಸರ್ (ಬೆಳಕು ಕೂಡಿಸುವ ಕೆಳಗಿನ ಲೆನ್ಸ್) ಇಳಿಸಿ ಬೆಳಕು ತಗ್ಗಿಸದಿದ್ದರೆ ಫಂಗಸ್ ಎಳೆ ಕಾಣೋದೇ ಇಲ್ಲ. 10ರ ಲೆನ್ಸಿನಲ್ಲಿ ಹುಡುಕಿ 40ರ ಲೆನ್ಸಿನಲ್ಲಿ ಖಾತ್ರಿ ಮಾಡಿ: ಅಡ್ಡಗೋಡೆ ಇರುವ, ಕವಲೊಡೆದ, ಚರ್ಮದ ಕೋಶಗಳನ್ನು ದಾಟಿಕೊಂಡು ಹೋಗುವ ಎಳೆ. ಬಟ್ಟೆಯ ನೂಲು ಕವಲೊಡೆಯಲ್ಲ, ಅಡ್ಡಗೋಡೆಯೂ ಇರಲ್ಲ.

ಚರ್ಮದ_ಡಾಕ್ಟ್ರು

ಒಂದು ಸೇರಿಸ್ತೀನಿ. ತುರಿಕೆಯೇ ಇಲ್ಲದ ಬಿಳಿಚು ಅಥವಾ ಕೆಂಪು ಮಚ್ಚೆಗೆ ಹುಳುಕಡ್ಡಿ, ಚಿಬ್ಬು ಅಂತ ಕ್ರೀಮು ಕೊಡುವ ಮೊದಲು ರೋಗಿಗೆ ಕಣ್ಣು ಮುಚ್ಚಿಸಿ. ಮಚ್ಚೆಯ ಮೇಲೆ, ಪಕ್ಕದ ಚರ್ಮದ ಮೇಲೆ ಬಾಲ್‌ಪೆನ್ ತುದಿ ಮೆಲ್ಲಗೆ ತಾಗಿಸಿ, ತಾಗಿದ ಕಡೆ ಬೆರಳಿಟ್ಟು ತೋರಿಸೋಕೆ ಹೇಳಿ. ಮಚ್ಚೆಯ ಮೇಲೆ ಗೊತ್ತಾಗದೆ ಪಕ್ಕದಲ್ಲಿ ಗೊತ್ತಾದರೆ ಕುಷ್ಠರೋಗದ ಅನುಮಾನ. ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಮುಟ್ಟಿ ನೋಡಿ ಪಿಎಚ್‌ಸಿಗೆ ಕಳಿಸಿ. ಅದರ ಎಂಡಿಟಿ (ಹಲವು ಔಷಧ ಸೇರಿದ ಚಿಕಿತ್ಸೆ) ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.