ಯಕ್ಷಗಾನ ಆಟದ ವಿಡಿಯೊ ಎಡಿಟ್ ಮಾಡಲು ಹಳೇ ಪಿಸಿ: ಆಪ್ಟಿಪ್ಲೆಕ್ಸ್ 9020 ಐ7 ಒಳ್ಳೆಯದಾ, 7060 ಐ5 ಒಳ್ಳೆಯದಾ?

ಪ್ರಶ್ನೆ (ಉಡುಪಿಯಿಂದ):
ಮಂಗಳೂರಿನ ಒಂದು ಅಂಗಡಿಯಲ್ಲಿ ಎರಡು ಹಳೇ ಡೆಲ್ ಪಿಸಿ ನೋಡಿಟ್ಟಿದ್ದೇನೆ. ಒಂದು ಆಪ್ಟಿಪ್ಲೆಕ್ಸ್ 9020 ಟವರ್, ಐ7-4790, 16 ಜಿಬಿ ರ‍್ಯಾಮ್. ಇನ್ನೊಂದು 7060, ಚಿಕ್ಕ ಎಸ್‌ಎಫ್‌ಎಫ್ ಕೇಸ್, ಐ5-8500, 8 ಜಿಬಿ. ಎರಡನೆಯದಕ್ಕೆ ರೇಟು ಜಾಸ್ತಿ. ಯಕ್ಷಗಾನದ ಆಟಗಳನ್ನು ಫೋನಿನಲ್ಲಿ 4ಕೆ ಶೂಟ್ ಮಾಡಿ ಎಡಿಟ್ ಮಾಡುತ್ತೇನೆ. ಮುಂದೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆ ಇದೆ. ಐ7 ಅಲ್ವಾ, ಟವರ್ ಬೇರೆ, ಅದನ್ನೇ ತಗೊಳ್ಳಬಹುದಾ?

ಉತ್ತರ (ಸುರತ್ಕಲ್‌ನಿಂದ):
ಐ7 ಅನ್ನುವ ಹೆಸರು ನೋಡಿ ತಗೊಳ್ಳಬೇಡಿ. 4790 ಬಂದದ್ದು 2014ರಲ್ಲಿ, 4 ಕೋರ್. 8500 ಬಂದದ್ದು 2018ರಲ್ಲಿ, 6 ಕೋರ್.

ನಿಮ್ಮ ಕೆಲಸಕ್ಕೆ ಇನ್ನೂ ದೊಡ್ಡ ವ್ಯತ್ಯಾಸ ಬೇರೆ ಇದೆ. ಅನೇಕ ಫೋನುಗಳು 4ಕೆ ವಿಡಿಯೊವನ್ನು ಎಚ್‌ಇವಿಸಿ ಅನ್ನುವ ಒತ್ತಿಟ್ಟ ರೂಪದಲ್ಲಿ ಉಳಿಸುತ್ತವೆ. ಅದನ್ನು ಬಿಡಿಸುವ ಪೂರ್ತಿ ಹಾರ್ಡ್‌ವೇರ್ 4790ರಂಥ 4ನೇ ತಲೆಮಾರಿನ ಇಂಟೆಲ್ ಚಿಪ್‌ನಲ್ಲಿ ಇಲ್ಲ. 8500ರಂಥ 8ನೇ ತಲೆಮಾರಿನ ಚಿಪ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಇದೆ, ಹೆಚ್ಚು ಬಣ್ಣದ 10 ಬಿಟ್ ವಿಡಿಯೊ ಕೂಡ ಓಡುತ್ತದೆ. 9020ರಲ್ಲಿ ಟೈಮ್‌ಲೈನ್ ಎಳೆದರೆ ವೇಷ ಒಂದು ಕಡೆ, ಚೆಂಡೆ ಸದ್ದು ಇನ್ನೊಂದು ಕಡೆ ಆಗುತ್ತದೆ. ಕ್ಲಿಪ್‌ಗಳಿಗೆಲ್ಲ ಪ್ರಾಕ್ಸಿ (ಎಡಿಟ್‌ಗೆ ಹಗುರವಾದ ಚಿಕ್ಕ ನಕಲು) ಮಾಡಿಕೊಂಡೇ ಕೂರಬೇಕು.

ಅಪ್‌ಗ್ರೇಡ್ ವಿಷಯಕ್ಕೆ ಬಂದರೆ, 9020ಕ್ಕೆ ಹಳೇ ಬಗೆಯ ಡಿಡಿಆರ್3 ರ‍್ಯಾಮ್, ಹೆಚ್ಚೆಂದರೆ 32 ಜಿಬಿ. ಅದಕ್ಕೆ ಹಾಕಿದ ದುಡ್ಡು ಆ ಡಬ್ಬದಲ್ಲೇ ಮುಗಿಯಿತು, ಮುಂದಿನ ಪಿಸಿಗೆ ಬರುವುದಿಲ್ಲ. 7060ರದ್ದು ಅದರ ಮುಂದಿನ ಬಗೆಯ ಡಿಡಿಆರ್4. ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಡಿಸ್ಕ್ ನೇರ ಕೂರುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 8500 ಇದೆ, 4790 ಇಲ್ಲ.

ಪ್ರಶ್ನೆ ಕೇಳಿದವರು:
ಸರಿ, 7060 ಅಂತ ಇಟ್ಟುಕೊಳ್ಳೋಣ. ಗ್ರಾಫಿಕ್ಸ್ ಕಾರ್ಡ್ ಕೂರುತ್ತದಾ?

ಉತ್ತರ (ಮಣಿಪಾಲದಿಂದ):
ಎಸ್‌ಎಫ್‌ಎಫ್‌ನಲ್ಲಿ ಗಿಡ್ಡ ಬ್ರಾಕೆಟ್‌ನ ಲೋ ಪ್ರೊಫೈಲ್ ಕಾರ್ಡ್ ಮಾತ್ರ. ಪವರ್ ಸಪ್ಲೈ 200 ವ್ಯಾಟ್‌ನದ್ದು, ಕಾರ್ಡಿಗೆ ಬೇರೆ ವೈರ್ ಬರುವುದಿಲ್ಲ. ಸಾಮಾನ್ಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ತಂದು ಹಾಕೋಣ ಅಂದರೆ ಕನೆಕ್ಟರೂ ಹೊಂದುವುದಿಲ್ಲ, ಜಾಗವೂ ಇಲ್ಲ. ಹಾಗಾಗಿ ದೊಡ್ಡ ಕಾರ್ಡಿನ ಆಸೆ ನಿಜವಾಗಿ ಇದ್ದರೆ 7060ರ ಟವರ್ ಸಿಗುತ್ತದಾ ಕೇಳಿ. ಅದರಲ್ಲೂ ಪವರ್ ಸಪ್ಲೈ ಡೆಲ್‌ನ ಸ್ವಂತ ಅಳತೆಯದ್ದೇ. ಆದರೂ ಪೂರ್ತಿ ಎತ್ತರದ ಕಾರ್ಡ್ ಕೂರುತ್ತದೆ. ಮೊದಲು ರ‍್ಯಾಮ್ 16 ಜಿಬಿ ಮಾಡಿ, 8ರ ಇನ್ನೊಂದು ಕಡ್ಡಿ ಸಾಕು. ಕಾರ್ಡ್ ಇಲ್ಲದೇ ಕೆಲಸ ಸಾಗುತ್ತದಾ ಒಮ್ಮೆ ನೋಡಿ.

ಇನ್ನೊಂದು, ದುಡ್ಡು ಕೊಡುವ ಮುಂಚೆ ಮುಚ್ಚಳ ತೆಗೆಸಿ. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಮೊದಲು ಕಾಣುವುದು ಹಿಂಬದಿಯ ಯುಎಸ್‌ಬಿ ಪೋರ್ಟ್‌ನ ಅಂಚಿನಲ್ಲಿ, ಸ್ಕ್ರೂಗಳ ತಲೆಯಲ್ಲಿ. ರ‍್ಯಾಮ್ ಕಳಚಿ ಬಂಗಾರದ ಹಲ್ಲುಗಳನ್ನು ಬೆಳಕಿಗೆ ಹಿಡಿಯಿರಿ. ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಹೋಗುತ್ತದೆ. ಸ್ಲಾಟಿನ ಒಳಗೆ ಹಸಿರು ಕಿಲುಬು ಕಂಡರೆ ಆ ಪೀಸ್ ಬೇಡವೇ ಬೇಡ.

ಉತ್ತರ (ಸುರತ್ಕಲ್‌ನಿಂದ):
ಆನ್ ಮಾಡಿಸಿ ಎಫ್2 ಒತ್ತಿ, ಬಯೋಸ್‌ಗೆ (ಪಿಸಿಯ ಮೂಲ ಸೆಟ್ಟಿಂಗ್‌ಗೆ) ಹೋಗಿ. ಕಂಪನಿಗಳಿಂದ ಬಂದ ಪಿಸಿಗಳಲ್ಲಿ ಅಡ್ಮಿನ್ ಪಾಸ್‌ವರ್ಡ್ ಉಳಿದಿರುತ್ತದೆ. ಸೆಟ್ಟಿಂಗ್ ಬದಲಿಸಲು ಪಾಸ್‌ವರ್ಡ್ ಕೇಳಿದರೆ ಅಲ್ಲೇ ತೆಗೆಸಿ ಕೊಡಲು ಹೇಳಿ. ತಾರೀಕು ತಪ್ಪಿದ್ದರೆ ಹೆದರಬೇಡಿ, ಒಳಗಿನ ಸಿಆರ್2032 ಸೆಲ್ ಬದಲಿಸಿದರೆ ಆಯಿತು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. 7060 ಟವರ್ ಇದೆಯಾ ಅಂತ ಅಂಗಡಿಯವರಿಗೆ ಫೋನ್ ಮಾಡುತ್ತೇನೆ. ಇಲ್ಲ ಅಂದರೆ ಎಸ್‌ಎಫ್‌ಎಫ್ ತಗೊಂಡು ರ‍್ಯಾಮ್ ಮಾತ್ರ ಹಾಕಿಸುತ್ತೇನೆ.